ಲಾಂಛನ ಎಲ್ಲಿ ಕೂರಬೇಕು?

ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸಿದ ನಮ್ಮ ಬೀದರಿನ ಬಿದ್ರಿ ಸಾಮಾನನ್ನು ಸಾಲುಗಟ್ಟಿ ಕೊಳ್ಳುತ್ತಿದ್ದ ನವಾಬರ ಮನೆಗಳು ಮುಗಿದು ಬಹಳ ಕಾಲವಾಯಿತು. ಇವತ್ತು ಒಮ್ಮೆಲೇ ನೂರು, ಇನ್ನೂರು ತುಂಡು ಬೇಕೆಂದು ಕೇಳುವವರು ಕಂಪನಿಗಳು, ಬ್ಯಾಂಕುಗಳು, ಸರ್ಕಾರಿ ಇಲಾಖೆಗಳು. ದೀಪಾವಳಿಯ ಉಡುಗೊರೆಗೆ, ವಾರ್ಷಿಕ ಸಭೆಗೆ, ಬಂದ ಅತಿಥಿಯ ಕೈಗಿಡಲು ಅವರಿಗೆ ಒಂದು ಚೆಂದದ ವಸ್ತು ಬೇಕು. ಇಂಥ ಪ್ರಾಯೋಜಕರ ಕಣ್ಣಿಗೆ ಬೀಳಬೇಕಾದರೆ ಬಿದ್ರಿಯ ರೂಪ ಸುಧಾರಿಸಬೇಕು ಎಂಬ ಸಲಹೆ ಕೇಳುತ್ತಲೇ ಇರುತ್ತೇವೆ. ಸುಧಾರಿಸಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸುಧಾರಣೆಯ ಹೆಸರಿನಲ್ಲಿ ನಡೆಯುವುದು ಹೆಚ್ಚಾಗಿ ಮೂರೇ ಕೆಲಸ: ಹೊಳಪಿಗಾಗಿ ಮೇಲೆ ವಾರ್ನಿಷ್ ಬಳಿಯುವುದು, ಕುಸುರಿಯನ್ನು ತೆಳುವಾಗಿಸುವುದು, ಎದುರಿಗೇ ದೊಡ್ಡದಾಗಿ ಕಂಪನಿಯ ಲಾಂಛನ ಕೂರಿಸುವುದು. ಈ ಮೂರರಿಂದಲೂ ಗಿರಾಕಿ ಬರುತ್ತಾನೆ, ಒಂದು ಸಲ. ಅವನು ಮತ್ತೆ ಮತ್ತೆ ಬರಬೇಕಾದರೆ ಸುಧಾರಣೆ ಶುರುವಾಗಬೇಕಾದದ್ದು ಕಪ್ಪು ನೆಲದಿಂದ.

ಆ ಕಪ್ಪನ್ನು ಬಣ್ಣವೆಂದು ತಿಳಿದವರೇ ಹೆಚ್ಚು. ಬಿದ್ರಿಯ ಲೋಹದಲ್ಲಿ ಬಹುಪಾಲು ಸತು, ಅದರೊಂದಿಗೆ ಸ್ವಲ್ಪ ತಾಮ್ರ. ಎರಕ ಹೊಯ್ದು ಅರದಿಂದ ಉಜ್ಜಿದಾಗ ಅದು ಬೆಳ್ಳಗೇ ಕಾಣುತ್ತದೆ. ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿಕೊಂಡು, ಅದರ ಮೇಲೆ ಉಳಿಯ ಮೊನೆಯಿಂದ ಬಳ್ಳಿ, ಹೂವು ಬಿಡಿಸುತ್ತಾರೆ. ಕೆತ್ತಿದ ಸಂದಿಗೆ ಬೆಳ್ಳಿಯ ತಂತಿ ಕೂರಿಸಿ ಬಡಿದರೆ ತಾರ್‌ಕಶಿ, ಬೆಳ್ಳಿಯ ತಗಡು ಕೂರಿಸಿದರೆ ತೆಹ್ನಿಶಾನ್. ಮತ್ತೆ ಉಜ್ಜಿದಾಗ ಬೆಳ್ಳಿಯೂ ಸತುವೂ ಒಂದೇ ಬಿಳುಪಾಗಿ, ಚಿತ್ರವೇ ಮಾಯವಾದಂತೆ ಕಾಣುತ್ತದೆ. ಬೀದರ್ ಕೋಟೆಯ ಹಳೆಯ ಕಟ್ಟಡಗಳೊಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಕಾಯಿಸಿದ ಸಾಮಾನಿಗೆ ತಿಕ್ಕಿದ ಮೇಲೆಯೇ ಅದು ಹೊರಬರುವುದು. ಮೇಲ್ಪದರದ ಸತು ಕರಗಿ, ಉಳಿದ ತಾಮ್ರ ಕಪ್ಪಿಡುತ್ತದೆ. ಬೆಳ್ಳಿಗೆ ಆ ಮಣ್ಣು ಏನೂ ಮಾಡುವುದಿಲ್ಲ. ಕೊನೆಗೆ ಎಣ್ಣೆ ಸವರಿದರೆ ಕಪ್ಪು ಇನ್ನಷ್ಟು ಆಳಕ್ಕಿಳಿಯುತ್ತದೆ. ಯಾವ ಮಣ್ಣು ಕೆಲಸಕ್ಕೆ ಬರುತ್ತದೆ ಎಂಬುದನ್ನು ನಾಲಿಗೆಗೆ ಇಟ್ಟು ನೋಡಿ ಹೇಳುವ ಹಿರಿಯ ಕೆಲಸಗಾರರಿದ್ದಾರೆ. ಅಂದರೆ ಈ ಕಪ್ಪು ಲೋಹದ ಮೈಯಿಂದಲೇ ಹುಟ್ಟಿದ್ದು, ಬೆಳಕನ್ನು ಹಿಂದಕ್ಕೆ ಎಸೆಯದೆ ಒಳಗೆಳೆದುಕೊಳ್ಳುತ್ತದೆ. ಅದರ ಪಕ್ಕದಲ್ಲಿ ಕೂದಲೆಳೆಯಂಥ ಬೆಳ್ಳಿಯೂ ಉರಿಯುವಂತೆ ಕಾಣುವುದು ಇದೇ ಕಾರಣಕ್ಕೆ. ವಾರ್ನಿಷ್ ಬಳಿದಾಗ ನೆಲವೂ ಹೊಳೆಯುತ್ತದೆ. ಎರಡೂ ಹೊಳೆದರೆ ಕಣ್ಣು ನಿಲ್ಲುವುದೆಲ್ಲಿ?

ಹಾಗೆಂದು ಹಳೆಯದನ್ನು ಮುಟ್ಟಲೇಬಾರದು ಎಂದು ವಾದಿಸಿದರೆ ಅದು ಬಿದ್ರಿಯ ಚರಿತ್ರೆಗೇ ವಿರುದ್ಧ. ಪರಂಪರೆ ಈ ಕಲೆಯನ್ನು ಬಹಮನಿ ಸುಲ್ತಾನರ ಕಾಲಕ್ಕೆ ಕೊಂಡೊಯ್ಯುತ್ತದೆ. ಇಂದು ಮ್ಯೂಸಿಯಂಗಳಲ್ಲಿ ಉಳಿದಿರುವ ಹಳೆಯ ತುಂಡುಗಳು ಮುಖ್ಯವಾಗಿ 17ನೇ ಶತಮಾನ ಮತ್ತು ಅದರ ಈಚಿನವು. ಅವುಗಳಲ್ಲಿ ಹುಕ್ಕಾದ ಬುಡಗಳೇ ಎದ್ದು ಕಾಣುತ್ತವೆ. ಹುಕ್ಕಾ ಹೋಯಿತು, ಪಾನ್‌ದಾನ್ ಕಡಿಮೆಯಾಯಿತು, ಹೂದಾನಿ ಬಂತು, ಆಶ್‌ಟ್ರೇ ಬಂತು, ಈಗ ಪೆನ್ ಸ್ಟ್ಯಾಂಡ್, ಕಫ್‌ಲಿಂಕ್, ಪೆನ್‌ಡ್ರೈವಿನ ಕವಚ ಬಂದಿವೆ. ಆಶ್ರಯ ಕೊಡುವವರು ಬದಲಾದಾಗಲೆಲ್ಲ ಕೆಲಸಗಾರ ಆಕಾರ ಬದಲಾಯಿಸಿದ್ದಾನೆ, ನೆಲವನ್ನು ಬಿಟ್ಟುಕೊಟ್ಟಿಲ್ಲ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಭಾರತದ ಕುಶಲವಸ್ತುಗಳ ಜೊತೆ ಬಿದ್ರಿಯೂ ಹೋಗಿತ್ತು. ಅಲ್ಲಿನ ಭಾರತೀಯ ಸಾಮಾನುಗಳನ್ನು ನೋಡಿ ಬೆರಗಾದ ವಿನ್ಯಾಸಕಾರ ಓವೆನ್ ಜೋನ್ಸ್, 1856ರ ತನ್ನ ಅಲಂಕಾರ ಶಾಸ್ತ್ರದ ಗ್ರಂಥದಲ್ಲಿ ವಿಶೇಷವಾಗಿ ಮೆಚ್ಚಿದ್ದು ಚಿತ್ರಕ್ಕೂ ನೆಲಕ್ಕೂ ಇರುವ ಹದವನ್ನು. ದೂರದ ಗಿರಾಕಿಯ ಕಣ್ಣು ಹಿಡಿದದ್ದು ಆ ಹದವೇ. ಅಷ್ಟು ದೂರ ಹೋಗುವುದೇಕೆ, ನಮ್ಮ ಕೋಟೆಯೊಳಗಿನ ರಂಗೀನ್ ಮಹಲಿಗೆ ಹೋಗಿ ನಿಂತರೆ ಸಾಕು. ಬರೀದ್ ಶಾಹಿಗಳ ಕಾಲದಲ್ಲಿ, 16ನೇ ಶತಮಾನದಲ್ಲಿ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿಗಳು ಅಲ್ಲಿವೆ. ಕಲ್ಲು ಬೇರೆ, ಲೋಹ ಬೇರೆ, ಆದರೆ ಕಪ್ಪನ್ನು ಉಳಿಸಿ ಬಿಳುಪನ್ನು ಬೆಳಗಿಸುವ ಬುದ್ಧಿ ಒಂದೇ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಹೊಟ್ಟೆಪಾಡಿನದು. ಬೆಳ್ಳಿಯ ಬೆಲೆ ಏರಿದೆ, ಕಂಪನಿ ಒಂದು ದರಕ್ಕಿಂತ ಮೇಲೆ ಬರುವುದಿಲ್ಲ, ಗಡುವು ಹತ್ತಿರದ್ದು. ಕುಸುರಿ ತೆಳುವಾಗಿಸದೆ ಕಾರ್ಖಾನೆ ನಡೆಸುವುದು ಹೇಗೆ? ಈ ಪ್ರಶ್ನೆಯನ್ನು ತಳ್ಳಿಹಾಕುವ ಹಕ್ಕು ಅಂಕಣಕಾರನಿಗಿಲ್ಲ. ಕುಲುಮೆಯ ಮುಂದೆ ಕೂತವನ ಮನೆಯ ಒಲೆಯೂ ಉರಿಯಬೇಕು. ನನ್ನ ಉತ್ತರ ಇಷ್ಟೇ: ತುಂಡನ್ನು ಚಿಕ್ಕದಾಗಿಸಿ, ಕೆಲಸವನ್ನು ಚಿಕ್ಕದಾಗಿಸಬೇಡಿ. ಅಂಗೈಯಗಲದ ತಟ್ಟೆಯೊಂದರಲ್ಲಿ ಎರಡು ತಾರ್‌ಕಶಿ ಬಳ್ಳಿ ಬಿಗಿಯಾಗಿ ಕೂತಿದ್ದರೆ, ಮೊಳದುದ್ದದ ಹೂದಾನಿಯ ಮೇಲೆ ಅಲ್ಲೊಂದು ಇಲ್ಲೊಂದು ಚದುರಿದ ಹೂವಿಗಿಂತ ಅದು ಬೆಲೆಬಾಳುವುದಾಗಿ ಕಾಣುತ್ತದೆ, ಬೆಳ್ಳಿಯೂ ಕಡಿಮೆ ಸಾಕು. ಇನ್ನು ಕೆಲವರು ಹೇಳುವಂತೆ ಈಗಿನವರಿಗೆ ಹೊಳಪೇ ಬೇಕು ಎಂಬುದು ನಿಜವಾದರೆ, ಅದಕ್ಕೂ ಪರಂಪರೆಯಲ್ಲೇ ದಾರಿಯಿದೆ. ಅಫ್ತಾಬಿ ಎಂಬ ಕೆಲಸದಲ್ಲಿ ಬೆಳ್ಳಿಯ ತಗಡೇ ನೆಲವಾಗಿ, ಕತ್ತರಿಸಿ ತೆಗೆದ ಕಡೆಯಲ್ಲಿ ಕಪ್ಪು ಹೂವು ಅರಳುತ್ತದೆ. ಬೆಳ್ಳಿ ಹೆಚ್ಚು ಬೇಡುವ ದುಬಾರಿ ಬಗೆ ಅದು, ಎಲ್ಲರಿಗೂ ಅಲ್ಲ. ಆದರೂ ಹೊಳಪು ಬೇಕೆಂದವನಿಗೆ ವಾರ್ನಿಷ್ ತೋರಿಸುವ ಮೊದಲು ಅಫ್ತಾಬಿ ತೋರಿಸುವುದು ವ್ಯಾಪಾರಕ್ಕೂ ಒಳ್ಳೆಯದು.

ಲಾಂಛನದ ವಿಷಯದಲ್ಲಿ ಪ್ರಾಯೋಜಕರದು ನ್ಯಾಯವಾದ ಬೇಡಿಕೆಯೇ. ಹಣ ಕೊಟ್ಟವನಿಗೆ ತನ್ನ ಗುರುತು ಬೇಕು. ಆದರೆ ಉಡುಗೊರೆ ಪಡೆದವನು ಅದನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡರೆ ತಾನೇ ಆ ಗುರುತು ಬದುಕುವುದು? ಬೇರೆಯವರ ಜಾಹೀರಾತನ್ನು ಯಾರೂ ದಿವಾನಖಾನೆಯಲ್ಲಿ ಇಡುವುದಿಲ್ಲ, ಅದು ಕಪಾಟಿನ ಕೆಳಗಿನ ಅರೆಗೆ ಹೋಗುತ್ತದೆ. ಲಾಂಛನ ತಟ್ಟೆಯ ಬೆನ್ನಿಗೆ, ಹೂದಾನಿಯ ತಳಕ್ಕೆ, ಡಬ್ಬಿಯ ಮುಚ್ಚಳದ ಒಳಮೈಗೆ ಇಳಿಯಲಿ, ಅಲ್ಲಿಯೂ ಬೆಳ್ಳಿಯ ತಂತಿಯಲ್ಲೇ ಕೂರಲಿ. ಅಂಟಿಸಿದ ಸ್ಟಿಕ್ಕರಿಗೂ ಲೇಸರಿನ ಗೀರಿಗೂ ಇರದ ಗೌರವ ಅದಕ್ಕೆ ಬರುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಕಂಪನಿಯ ನೆನಪೂ ಆಗುತ್ತದೆ.

ಕಂಪನಿಯವರು ಮೊದಲು ನೋಡುವುದು ಸಾಮಾನನ್ನಲ್ಲ, ಅದರ ಫೋಟೊವನ್ನು. ಇಲ್ಲಿ ಆಗುವ ನಷ್ಟ ದೊಡ್ಡದು. ಎದುರಿನಿಂದ ಫ್ಲ್ಯಾಷ್ ಹೊಡೆದರೆ ಕಪ್ಪು ಬೂದಿಬಣ್ಣವಾಗುತ್ತದೆ, ಬೆಳ್ಳಿಯ ಗೆರೆ ಬಿಳಿ ಮಚ್ಚೆಯಾಗಿ ಕಲಸಿಹೋಗುತ್ತದೆ. ತಿಂಗಳ ಕೆಲಸ ಹತ್ತು ರೂಪಾಯಿಯ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕ, ಮಾಸಲು ಬಿಳಿಯ ಹತ್ತಿ ಬಟ್ಟೆಯ ಮೇಲಿಟ್ಟು, ಬೆಳಕು ಪಕ್ಕದಿಂದ ಬರುವಂತೆ ತೆಗೆದರೆ ಸಾಕು, ಬೇರೆ ಅಲಂಕಾರ ಬೇಡ. ಪಕ್ಕದಲ್ಲಿ ಒಂದು ಚೀಟಿ ಇರಲಿ: ಯಾವ ಬಗೆಯ ಕೆಲಸ, ಮಾಡಿದವರು ಯಾರು, ಎಷ್ಟು ದಿನ ಹಿಡಿಯಿತು. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದೆ. ಹೆಸರಿಗೆ ರಕ್ಷಣೆಯೂ ಸಿಕ್ಕಿತು, ಕೈಗೆ ಮನ್ನಣೆಯೂ ಸಿಕ್ಕಿತು. ಅದನ್ನು ಕೊಳ್ಳುವವನಿಗೆ ತಿಳಿಸುವ ಚೀಟಿಯೇ ಇಲ್ಲದಿದ್ದರೆ ಹೇಗೆ?

ಪ್ರಾಯೋಜಕರನ್ನು ಬೆಂಗಳೂರಿನಲ್ಲಷ್ಟೇ ಹುಡುಕಬೇಕಿಲ್ಲ. ನಮ್ಮ ಜಿಲ್ಲೆಯ ಭಾಲ್ಕಿ, ಔರಾದ್, ಡಾಬಕಾದ ಕಡೆಯಲ್ಲೂ ಶಾಲೆಯ ವಾರ್ಷಿಕೋತ್ಸವ, ಸಹಕಾರ ಸಂಘದ ಸಭೆ, ನಿವೃತ್ತರ ಬೀಳ್ಕೊಡುಗೆ ಎಂದರೆ ಶಾಲು, ಹಾರ, ನೆನಪಿನ ಕಾಣಿಕೆ ಇದ್ದೇ ಇರುತ್ತವೆ. ಆ ಕಾಣಿಕೆ ಗಾಜು, ಫೈಬರಿನ ಬದಲು ಅಂಗೈಯಗಲದ ಬಿದ್ರಿ ತಟ್ಟೆಯಾಗಲಿ. ಮಾಡಿಸುವವರು ಎಷ್ಟು ತುಂಡು, ಎಂದಿಗೆ ಬೇಕು ಎಂದು ಬರೆದುಕೊಟ್ಟು ಬರುತ್ತಾರೆ. ಅದರ ಕೆಳಗೆ ಇನ್ನೂ ಎರಡು ಸಾಲು ಸೇರಿಸಲಿ: ವಾರ್ನಿಷ್ ಬೇಡ, ನಮ್ಮ ಸಂಘದ ಹೆಸರು ತಟ್ಟೆಯ ಬೆನ್ನಿಗಿರಲಿ.