ಕತ್ತರಿಗೆ ರಾಯಲ್ಟಿ ಯಾಕೆ?

ಸಣ್ಣ ಊರಲ್ಲಿ ಬ್ಯೂಟಿ ಪಾರ್ಲರ್ ಇಡುತ್ತೇನೆ ಎಂದವರಿಗೆ ಈಗ ಎಲ್ಲ ಕಡೆಯಿಂದ ಸಿಗುವ ಬುದ್ಧಿವಾದ ಒಂದೇ: ಸ್ವಂತ ಹೆಸರಲ್ಲಿ ಒದ್ದಾಡಬೇಡಿ, ಫ್ರಾಂಚೈಸಿ ತಗೊಳ್ಳಿ, ಗಿರಾಕಿ ತಾನಾಗಿ ಬರುತ್ತಾರೆ. 2000ದಲ್ಲಿ ಚೆನ್ನೈನಲ್ಲಿ ಶುರುವಾದ ನ್ಯಾಚುರಲ್ಸ್ ಫ್ರಾಂಚೈಸಿಯಿಂದಲೇ ಊರೂರಿಗೆ ಹಬ್ಬಿದ್ದನ್ನು ತೋರಿಸುತ್ತಾರೆ. ಹಬ್ಬಿದ್ದು ನಿಜ. ಆದರೆ ಮಾರಿದವರು ಬೆಳೆದ ಮಾತ್ರಕ್ಕೆ ಕೊಂಡವರಿಗೂ ಗಿಟ್ಟಿತು ಎನ್ನಲಾಗದು.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ನಿಲಕ್ಕೋಟ್ಟೈ ನೋಡಿ. ಮುಹೂರ್ತ ಬಂತೆಂದರೆ ಇಲ್ಲಿನ ಹೂವಿನ ಮಾರುಕಟ್ಟೆಯಲ್ಲಿ ಮಲ್ಲಿಗೆ ರೇಟು ಜಿಗಿಯುತ್ತದೆ. ಮದುಮಗಳ ಅಲಂಕಾರದವಳಿಗೂ ಅದೇ ಪಂಚಾಂಗ. ಬೆಳಗಿನ ಜಾವ ಮೂರಕ್ಕೆಲ್ಲ ಅವಳು ಮದುವೆಮನೆಯಲ್ಲಿರಬೇಕು. ಜಡೆ ಹೆಣೆದು, ಮಲ್ಲಿಗೆ ದಂಡೆ ಸುತ್ತಿ, ನೆರಿಗೆಗೆ ಪಿನ್ನು ಸಿಕ್ಕಿಸಿ, ಬೆವರಿಗೆ ಅಳಿಸದಂತೆ ಬಣ್ಣ ಹಚ್ಚಬೇಕು. ಮನೆಯವರು ಬೋರ್ಡು ನೋಡಿ ಕರೆಯುವುದಿಲ್ಲ, "ಅಕ್ಕನ ಮದುವೆಗೆ ಬಂದಿದ್ದರಲ್ಲ, ಅವರನ್ನೇ ಕರೆಸಿ" ಎನ್ನುತ್ತಾರೆ. ಆಚೆ ಕಂಬಂ ಕಣಿವೆಯ ಕಪ್ಪಿಲಿಯರೆಂಬ ಸಮುದಾಯದವರದು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಅಜ್ಜಿಯ ಹತ್ತಿರ ಮನೆಮಾತಲ್ಲಿ ಹರಟಬಲ್ಲವಳಿಗೆ ನಡುಮನೆ ದಾಟಿ ಒಳಗೆ ಹೋಗಲು ಅಡ್ಡಿಯಿಲ್ಲ. ಇದನ್ನು ಯಾವ ಹೆಡ್ಡಾಫೀಸೂ ಕಳಿಸಿಕೊಡಲಾರದು.

ದುಡ್ಡಿನ ಮಾತಿಗೆ ಬರೋಣ. ಹೆಸರು ಬಳಸಿದ್ದಕ್ಕೆ ಕಂಪನಿಗೆ ಕೊಡುವ ರಾಯಲ್ಟಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ವಹಿವಾಟಿನ ಮೇಲೆ. ಲಾಭ ಬಂತೋ ಬಿಟ್ಟಿತೋ ಕೇಳುವವರಿಲ್ಲ. ತಿಂಗಳಿಗೆ 1,50,000 ರೂ. ವಹಿವಾಟು, ಶೇ 10 ರಾಯಲ್ಟಿ ಎಂದಿಟ್ಟುಕೊಳ್ಳಿ. 15,000 ರೂ. ಹೋಯಿತು. ಅದರ ಮೇಲೆ ಶೇ 18 ಜಿಎಸ್‌ಟಿ, ಇನ್ನೊಂದು 2,700. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಯ ತೆರಿಗೆ ಶೇ 5ಕ್ಕೆ ಇಳಿದಾಗ ಎಲ್ಲರೂ ಖುಷಿಪಟ್ಟರು. ಅದರ ಜೊತೆಗೇ ಇನ್‌ಪುಟ್ ಕ್ರೆಡಿಟ್, ಅಂದರೆ ತಾವು ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವ ಅವಕಾಶ, ಹೋಯಿತೆಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಆ 2,700 ಈಗ ಪೂರ್ತಿ ಕೈಬಿಟ್ಟು ಹೋದ ದುಡ್ಡು. ಕಂಪನಿ ಹೇಳಿದಂತೆ ಕನ್ನಡಿ, ದೀಪ, ಕುರ್ಚಿ ಹಾಕಿಸಿದ ಸಾಲದ ಕಂತಂತೂ ಆಡಿ ತಿಂಗಳಲ್ಲಿ ಮದುವೆಗಳಿಲ್ಲವೆಂದು ನಿಲ್ಲುವುದಿಲ್ಲ.

ಹಾಗೆಂದು ಫ್ರಾಂಚೈಸಿಯೇ ದಂಡ ಎನ್ನಲಾರೆ. ಬೆಂಗಳೂರಲ್ಲಿ 1990ರಲ್ಲಿ ಹುಟ್ಟಿದ ಡಿಟಿಡಿಸಿ ಕೊರಿಯರ್ ಬೆಳೆದದ್ದೂ ಇದೇ ದಾರಿಯಲ್ಲಿ. ನಿಲಕ್ಕೋಟ್ಟೈಯ ಪಾರ್ಸೆಲ್ಲು ಗುವಾಹಟಿ ಮುಟ್ಟಬೇಕಾದರೆ ನಡುವೆ ಲಾರಿ, ಗೋದಾಮು, ಅಲ್ಲಿ ಮನೆ ಹುಡುಕಿ ಕೊಡುವ ಹುಡುಗ, ಎಲ್ಲ ಬೇಕು. ಒಂಟಿ ಅಂಗಡಿಗೆ ಆಗುವ ಕೆಲಸವಲ್ಲ, ದುಡ್ಡು ಕೊಟ್ಟು ಸೇರಿಕೊಳ್ಳುವುದರಲ್ಲಿ ಅರ್ಥವಿದೆ. ಹುಬ್ಬು ತಿದ್ದಲು ಗುವಾಹಟಿಯ ನೆರವೇನೂ ಬೇಕಿಲ್ಲ.

ತರಬೇತಿ ಕೊಡುತ್ತಾರಲ್ಲ ಎಂದರೆ, ಹೌದು, ಕಸುಬು ಬಾರದೆ ಬಂಡವಾಳ ಮಾತ್ರ ಇರುವವರಿಗೆ ಅದು ಆಸರೆಯೇ. ಆದರೆ ಕಲಿತ ಹುಡುಗಿ ಎರಡು ಬೀದಿ ಆಚೆ ಸ್ವಂತ ಕುರ್ಚಿ ಹಾಕಿದ ದಿನ ಗಿರಾಕಿಗಳೂ ಅವಳ ಹಿಂದೆ ಹೊರಡುತ್ತಾರೆ. ಉಡುಪಿ ಹೋಟೆಲುಗಳು ದೇಶವೆಲ್ಲ ಹಬ್ಬಿದ್ದು ಹೀಗೇ ಅಲ್ಲವೇ? ಒಂದು ಕಡೆ ಲೋಟ ತೊಳೆದವನು ಇನ್ನೊಂದು ಊರಲ್ಲಿ ಗಲ್ಲಾ ಮೇಲೆ ಕೂತ. ಉಡುಪಿ ಎಂಬ ಹೆಸರಿಗೆ ರಾಯಲ್ಟಿ ಕೇಳುವವರೇ ಇರಲಿಲ್ಲ.

ಇಷ್ಟಾದರೂ ಸಹಿ ಹಾಕುವವರು ಕರಾರಿನ ಕೊನೆಯ ಪುಟಗಳನ್ನು ಮೊದಲು ಓದಲಿ. ಫ್ರಾಂಚೈಸಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಅವಧಿ ಮುಗಿದ ಮೇಲೂ ಅದೇ ಊರಲ್ಲಿ ಅದೇ ಕಸುಬು ಮಾಡಕೂಡದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದು ಕಷ್ಟ. ಆದರೆ ವ್ಯಾಜ್ಯ ಚೆನ್ನೈನಲ್ಲೋ ಮುಂಬೈಯಲ್ಲೋ ನಡೆಯತಕ್ಕದ್ದು ಎಂದು ಅದೇ ಕರಾರಲ್ಲಿ ಬರೆದಿದ್ದರೆ, ಅಂಗಡಿ ಮುಚ್ಚಿ ಕೊಡೈಕೆನಾಲ್ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಬೇಕಾದವರು ನಿಲಕ್ಕೋಟ್ಟೈಯವರೇ.