ಆಟೋ ಬರುವ ತನಕ

2019ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ. ನನಗೆ ಒಂದೇ ದಿನದಲ್ಲಿ ಏಳು ಕಡೆಯಿಂದ ಬಂತು. ಆಫೀಸಿನ ಗ್ರೂಪು, ಅಪಾರ್ಟ್‌ಮೆಂಟಿನ ಗ್ರೂಪು, ಕಾಲೇಜಿನ ಹಳೇ ಗ್ರೂಪು, ಕೊನೆಗೆ ತುಮಕೂರಿನ ಚಿಕ್ಕಮ್ಮ. ಚಿಕ್ಕಮ್ಮ ಕಳಿಸಿದರು ಅಂದರೆ ಅದು ಊರೆಲ್ಲ ಸುತ್ತಿ ಮುಗಿಸಿದೆ ಅಂತಲೇ ಲೆಕ್ಕ.

ಕತ್ತಲು. ಬೂದು ಬಣ್ಣದ, ಕುಳಿ ಬಿದ್ದ ನೆಲ. ಗಗನಯಾತ್ರಿಯ ದಿರಿಸು ತೊಟ್ಟವನೊಬ್ಬ ಮೈಯಲ್ಲಿ ತೂಕವೇ ಇಲ್ಲದ ಹಾಗೆ ನಿಧಾನಕ್ಕೆ ಒಂದೊಂದೇ ಹೆಜ್ಜೆ ಎತ್ತಿಡುತ್ತಾನೆ. ಚಂದ್ರಯಾನ-2ರ ಸುದ್ದಿ ಟಿವಿಯಲ್ಲಿ ದಿನವಿಡೀ ಓಡುತ್ತಿದ್ದ ದಿನಗಳವು. ಕಣ್ಣು ತಾನಾಗೇ 'ಓ, ಚಂದ್ರ' ಅಂದುಕೊಂಡುಬಿಡುತ್ತೆ. ಅಷ್ಟರಲ್ಲಿ ಚಂದ್ರನ ಮೇಲೆ ಒಂದು ಆಟೋ ಬರುತ್ತೆ. ಹೆಡ್‌ಲೈಟ್ ಹಾಕಿಕೊಂಡು, ಕುಳಿಗಳನ್ನು ತಪ್ಪಿಸಿಕೊಂಡು, ಗಗನಯಾತ್ರಿಯ ಪಕ್ಕದಲ್ಲೇ ಹಾದು ಹೋಗುತ್ತೆ.

ಅದು ಬೆಂಗಳೂರಿನ ಹೇರೋಹಳ್ಳಿಯ ತುಂಗಾನಗರ ಮುಖ್ಯರಸ್ತೆ. ಮಾಡಿದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ದಿರಿಸಿನೊಳಗೆ ಇದ್ದವರು ನಟ ಪೂರ್ಣಚಂದ್ರ ಮೈಸೂರು.

ನಾನೂ ನಕ್ಕೆ, ಮೂರು ಜನಕ್ಕೆ ಕಳಿಸಿದೆ, ಮರೆತೆ. ಮೊನ್ನೆ ಫೋನಿನಲ್ಲಿ ಜಾಗ ಸಾಲದೆ ಹಳೇ ವಿಡಿಯೊಗಳನ್ನೆಲ್ಲ ಅಳಿಸುತ್ತಾ ಕೂತಿದ್ದಾಗ ಅದು ಮತ್ತೆ ಸಿಕ್ಕಿತು. ಗುಟ್ಟು ಗೊತ್ತಿದ್ದೂ ಪೂರ್ತಿ ನೋಡಿದೆ. ನಗು ಬರಲಿಲ್ಲ. ಅಳಿಸೋಕೂ ಮನಸ್ಸು ಬರಲಿಲ್ಲ. ಪಕ್ಕದಲ್ಲೇ ಇದ್ದ ಇನ್ನೂ ನಲವತ್ತು 'ಸಕತ್ ಐಡಿಯಾ ಗುರು' ವಿಡಿಯೊಗಳನ್ನು ಕಣ್ಣು ಮಿಟುಕಿಸದೆ ಅಳಿಸಿದವನಿಗೆ ಇದೊಂದರಲ್ಲಿ ಕೈ ತಡೆದದ್ದು ಯಾಕೆ? ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ಚಮತ್ಕಾರದ ಕಲೆಗೆ ನಾವು ಸಾಮಾನ್ಯವಾಗಿ ವಿಮರ್ಶೆ ಬರೆಯೋದಿಲ್ಲ. ಹೆಬ್ಬೆರಳು ಒತ್ತಿ ಮುಂದಕ್ಕೆ ಹೋಗ್ತೀವಿ. 'ಎಂಥಾ ತಲೆ ಅಲ್ವಾ' ಅನ್ನೋದೇ ಅದಕ್ಕೆ ಸಿಗುವ ಮೊದಲ ಮತ್ತು ಕೊನೆಯ ಮಾತು. ಆದರೆ ಎಲ್ಲ ಚಮತ್ಕಾರವೂ ಒಂದೇ ಜಾತಿಯದಲ್ಲ. ನನ್ನ ಅಳತೆಗೋಲು ಸರಳವಾದದ್ದು: ಗುಟ್ಟು ಗೊತ್ತಾದ ಮೇಲೆ, ಎರಡನೇ ಸಲ ನೋಡಿದಾಗ, ಅಲ್ಲಿ ಏನು ಉಳಿದಿರುತ್ತೆ? ಈ ಅಳತೆಗೋಲು ಹಿಡಿದು ಮೂವರನ್ನು ನೋಡೋಣ.

ಮೊದಲು ಜಪಾನಿನ ತಾತ್ಸುಯಾ ತನಾಕ. 2011ರ ಏಪ್ರಿಲ್‌ನಿಂದ ಈತ 'ಮಿನಿಯೇಚರ್ ಕ್ಯಾಲೆಂಡರ್' ಅನ್ನೋ ಹೆಸರಲ್ಲಿ ದಿನಕ್ಕೊಂದು ಫೋಟೋ ತೆಗೆದು ಹಾಕುತ್ತಾ ಬಂದಿದ್ದಾನೆ. ಬೆರಳುಗುರಿನಷ್ಟು ಎತ್ತರದ ಪುಟ್ಟ ಗೊಂಬೆಗಳು, ಜೊತೆಗೆ ಮನೆಯಲ್ಲಿ ಸಿಗುವ ಯಾವುದೋ ಒಂದು ಸಾಮಾನು. ಬ್ರೊಕೊಲಿಯ ತುಂಡನ್ನು ನಿಲ್ಲಿಸಿ ಕೆಳಗೆ ಗೊಂಬೆ ಕೂರಿಸಿದರೆ ಅದು ಮರ. ಕೊರೋನಾ ಕಾಲದಲ್ಲಿ ನಮ್ಮ ಗಲ್ಲಕ್ಕೆ ಜೋತುಬಿದ್ದಿದ್ದ ಮಾಸ್ಕು ಅವನ ಕೈಯಲ್ಲಿ ಈಜುಕೊಳ ಆಯಿತು. ಒಂದನ್ನು ಇನ್ನೊಂದಾಗಿ ಕಾಣುವ ಈ ಆಟಕ್ಕೆ ಜಪಾನಿನಲ್ಲಿ 'ಮಿತಾತೆ' ಅನ್ನೋ ಹಳೆಯ ಹೆಸರೇ ಇದೆ. ನಮಗೂ ಇದು ಹೊಸದೇನಲ್ಲ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಅಲಂಕಾರ ಕಲಿಸಿದ್ದು ನೆನಪಿರಬೇಕಲ್ಲ? ಮುಖ ಕಮಲದ ಹಾಗಿದೆ ಅಂದರೆ ಉಪಮೆ, ಮುಖವೇ ಕಮಲ ಅಂದರೆ ರೂಪಕ. ಉಪಮೇಯ ಉಪಮಾನಗಳಿಗೆ ಭೇದವಿಲ್ಲ ಅಂತ ಬರೆದು ಎರಡು ಮಾರ್ಕು ತಗೊಂಡಿರ್ತೀವಿ. ತನಾಕ ಮಾಡೋದು ಶುದ್ಧ ರೂಪಕ. ಬ್ರೊಕೊಲಿಗೂ ಮರಕ್ಕೂ ಭೇದವಿಲ್ಲ.

ಎರಡನೇ ಸಲ ನೋಡಿದಾಗ ಏನು ಉಳಿಯುತ್ತೆ? ಅಚ್ಚುಕಟ್ಟುತನ ಉಳಿಯುತ್ತೆ. ಬೆಳಕು ಎಲ್ಲಿಂದ ಬಿದ್ದಿದೆ, ಗೊಂಬೆ ಯಾವ ಕಡೆ ತಿರುಗಿದೆ ಅನ್ನೋದು ಕಾಣುತ್ತೆ. ಒಂದು ದಿನವೂ ಬಿಡದೆ ಮಾಡುವ ಅವನ ಶಿಸ್ತಿಗೆ ತಲೆಬಾಗಬೇಕು ಅನ್ನಿಸುತ್ತೆ. ಆದರೆ ಎಷ್ಟು ಸಲ ನೋಡಿದರೂ ಆ ಬ್ರೊಕೊಲಿ ಮರವಾಗೇ ಇರುತ್ತೆ. ರೂಪಕ ಒಡೆಯೋದಿಲ್ಲ, ಒಡೆಯಬೇಕು ಅಂತ ಅವನಿಗೂ ಇಲ್ಲ. ಆ ಪ್ರಪಂಚದಲ್ಲಿ ಎಲ್ಲವೂ ಚೊಕ್ಕಟ, ಎಲ್ಲರೂ ಕ್ಷೇಮ. ನಾನು ಸೋಮವಾರ ಬೆಳಿಗ್ಗೆ ಕಾಫಿ ಜೊತೆ ನೋಡುವ ಚಿತ್ರ ಅದು. ಅದರಲ್ಲಿ ತಪ್ಪೇನಿಲ್ಲ.

ಎರಡನೆಯವನು ಲಂಡನ್ನಿನ ಸ್ಲಿಂಕಾಚು. ಇವನದೂ ಅದೇ ಸಾಮಗ್ರಿ, ಆಟಿಕೆ ರೈಲಿನ ಜೊತೆ ಬರುವಂಥ ಗೊಂಬೆಗಳು. 2006ರಿಂದ ಈತ ಅವುಗಳನ್ನು ತಿದ್ದಿ, ಬಣ್ಣ ಬಳಿದು, ಬೀದಿಯಲ್ಲಿ ಇಟ್ಟು, ಫೋಟೋ ತೆಗೆದು, ಗೊಂಬೆಯನ್ನು ಅಲ್ಲೇ ಬಿಟ್ಟು ಹೋಗುತ್ತಾನೆ. ಒಂದು ಚಿತ್ರದಲ್ಲಿ ಬಂದೂಕು ಹಿಡಿದ ಅಪ್ಪ, ಪಕ್ಕದಲ್ಲಿ ಪುಟ್ಟ ಮಗಳು, ಎದುರಿಗೆ ಸತ್ತು ಬಿದ್ದ ಒಂದು ದುಂಬಿ. ದುಂಬಿ ಅವರಿಗಿಂತ ದೊಡ್ಡದಾಗಿದೆ. ಅಪ್ಪ ಮಗಳಿಗೆ ಏನೋ ಬುದ್ಧಿ ಹೇಳುತ್ತಿರುವ ಹಾಗಿದೆ.

ಆದರೆ ಸ್ಲಿಂಕಾಚುವಿನ ನಿಜವಾದ ಹೂಟ ಇರೋದು ಎರಡನೇ ಫೋಟೋದಲ್ಲಿ. ಅದೇ ಗೊಂಬೆಯನ್ನು ಆತ ದೂರದಿಂದ ಇನ್ನೊಮ್ಮೆ ತೆಗೆಯುತ್ತಾನೆ. ಅಲ್ಲಿ ಫುಟ್‌ಪಾತು, ಗೋಡೆ, ನಡೆದು ಹೋಗುವ ಕಾಲುಗಳು ಇರುತ್ತವೆ. ಗೊಂಬೆ ಎಲ್ಲಿದೆ ಅಂತ ಹುಡುಕಬೇಕು. ಹತ್ತಿರದಲ್ಲಿ ಒಂದು ಸಂಸಾರ, ಒಂದು ಜಗಳ, ಒಂದು ಸಾವು ಇತ್ತು. ದೂರದಿಂದ ನೋಡಿದರೆ ನೆಲದ ಮೇಲೊಂದು ಚುಕ್ಕೆ. ದೊಡ್ಡ ಊರಿಗೆ ಹೊಸದಾಗಿ ಬಂದು ಪೀಜಿಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಟ್ಟು ಒಡೆದ ಮೇಲೆ ಇಲ್ಲಿ ಉಳಿಯೋದು ಒಂಟಿತನ. ಮೊದಲ ಫೋಟೋದಲ್ಲಿ ಸಿಕ್ಕ ಖುಷಿಗೆ ಎರಡನೆಯದರಲ್ಲಿ ಬೆಲೆ ತೆರಬೇಕಾಗುತ್ತೆ. ಇದು ತನಾಕನ ಚಿತ್ರಗಳಲ್ಲಿ ಸಿಗೋದಿಲ್ಲ.

ಈಗ ಬಾದಲ್ ಅವರಿಗೆ ಬರೋಣ. ಮೈಸೂರಿನ ಕಾವಾದಲ್ಲಿ ಕಲಿತು, ಜಾಹೀರಾತು ಲೋಕದಲ್ಲೂ ಕೆಲಸ ಮಾಡಿದವರು. ಬೀದಿಯೇ ಕ್ಯಾನ್ವಾಸು. 2015ರಲ್ಲಿ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯ ನೀರು ತುಂಬಿದ ಗುಂಡಿಯಲ್ಲಿ ಫೈಬರಿನ ಮೊಸಳೆಯೊಂದನ್ನು ತಂದು ಬಿಟ್ಟಾಗ ದೇಶವೇ ತಿರುಗಿ ನೋಡಿತು. 2017ರಲ್ಲಿ ಇನ್ನೊಂದು ಗುಂಡಿಯನ್ನು ಪುಟ್ಟ ಕೊಳದ ಹಾಗೆ ಮಾಡಿ, ನಟಿ ಸೋನು ಗೌಡ ಅವರನ್ನು ಮತ್ಸ್ಯಕನ್ಯೆಯ ವೇಷದಲ್ಲಿ ಕೂರಿಸಿದರು. 2019ರಲ್ಲಿ ಗಗನಯಾತ್ರಿ.

ಮೂರಕ್ಕೂ ನಾವು ಒಂದೇ ಥರ ನಕ್ಕಿದ್ದೇವೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡೋಕೆ ಮಾತ್ರ ನನಗೆ ಆಗ್ತಿಲ್ಲ. ಕಾರಣ ನನ್ನ ಒಬ್ಬ ಸಹೋದ್ಯೋಗಿ.

ಮತ್ಸ್ಯಕನ್ಯೆಯ ಫೋಟೋ ಓಡಾಡುತ್ತಿದ್ದ ಅದೇ ಮಳೆಗಾಲದಲ್ಲಿ ಅವಳು ರಾತ್ರಿ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ನೀರು ನಿಂತಿದ್ದ ಗುಂಡಿಗೆ ಚಕ್ರ ಇಳಿಸಿ ಬಿದ್ದಳು. ಭುಜದ ಮೂಳೆ ಮುರಿಯಿತು. ಆರು ವಾರ ಕೈ ಜೋಲಿಯಲ್ಲಿ. ನಾವೆಲ್ಲ ಗುಂಪಾಗಿ ನೋಡಲು ಹೋದಾಗ ಯಾರೋ ಉತ್ಸಾಹದಲ್ಲಿ 'ಇದು ನೋಡಿದ್ಯಾ' ಅಂತ ಮತ್ಸ್ಯಕನ್ಯೆಯನ್ನು ತೋರಿಸಿದರು. ಯಾರೋ ಏನು, ನಾನೇ. ಅವಳು ನೋಡಿ, ಫೋನು ವಾಪಸ್ ಕೊಟ್ಟು, "ಚೆನ್ನಾಗಿದೆ ಕಣೋ. ನೀರು ಮಾತ್ರ ಇಷ್ಟು ನೀಲಿಯಾಗಿರಲಿಲ್ಲ" ಅಂದಳು. ಅವತ್ತು ಎಲ್ಲರೂ ನಕ್ಕೆವು. ಅದು ವಿಮರ್ಶೆ ಅಂತ ನನಗೆ ಹೊಳೆಯೋಕೆ ಎರಡು ವರ್ಷ ಬೇಕಾಯಿತು.

ಅವಳು ಹೇಳಿದ್ದೇ ಸರಿ. ಮತ್ಸ್ಯಕನ್ಯೆಯ ಚಿತ್ರದಲ್ಲಿ ಗುಂಡಿ ಕೊಳವಾಗಿಬಿಡುತ್ತೆ. ಕಣ್ಣು ಹೋಗೋದು ವೇಷದ ಮೇಲೆ, ಬಣ್ಣದ ಮೇಲೆ, ನಟಿಯ ಮೇಲೆ. ಎರಡನೇ ಸಲ ನೋಡಿದಾಗ ಗುಂಡಿ ಇನ್ನೂ ಚಂದ ಕಾಣುತ್ತೆ. ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ರೂಪಕ ಉದ್ದೇಶವನ್ನು ನುಂಗಿಹಾಕಿದೆ. ಮೊಸಳೆ ಇದಕ್ಕಿಂತ ವಾಸಿ. ಅದರಲ್ಲಿ ತಮಾಷೆಯ ಜೊತೆ ಒಂದಿಷ್ಟು ಭಯವೂ ಇದೆ. ಗುಂಡಿ ಕಚ್ಚುತ್ತೆ ಅನ್ನೋದನ್ನು ಮೊಸಳೆ ಮರೆಯೋಕೆ ಬಿಡೋದಿಲ್ಲ. ಆದರೂ ಅಲ್ಲಿ ನಾವು ನೋಡೋದು ಮೊಸಳೆಯನ್ನೇ.

ಗಗನಯಾತ್ರಿಯ ವಿಡಿಯೊದಲ್ಲಿ ಗುಂಡಿಗೆ ಯಾವ ವೇಷವೂ ಇಲ್ಲ. ವೇಷವೆಲ್ಲ ನಡೆಯುವವನಿಗೆ. ಅವನ ನಿಧಾನದ ಹೆಜ್ಜೆಯಿಂದಾಗಿ ನಮ್ಮ ಕಣ್ಣು ನೆಲಕ್ಕೆ ಅಂಟಿಕೊಳ್ಳುತ್ತೆ. ಪ್ರತಿ ಕುಳಿಯ ಆಳ, ಅಂಚು, ನೆರಳು ನೋಡುತ್ತೇವೆ. ರಸ್ತೆಯನ್ನು ಇಷ್ಟು ಶ್ರದ್ಧೆಯಿಂದ ನಾವು ಯಾವತ್ತೂ ನೋಡಿದ್ದಿಲ್ಲ, ಯಾಕಂದರೆ ಅದು ರಸ್ತೆ ಅಂತ ನಮಗೆ ಗೊತ್ತಿಲ್ಲ! ಆಮೇಲೆ ಆಟೋ ಬರುತ್ತೆ. ಮೇಷ್ಟ್ರ ರೂಪಕ ಅಲ್ಲಿಗೆ ಒಡೆಯಿತು. ಸ್ಲಿಂಕಾಚು ಎರಡು ಫೋಟೋಗಳಲ್ಲಿ ಮಾಡುವುದನ್ನು ಬಾದಲ್ ಒಂದೇ ಓಟದಲ್ಲಿ, ಕ್ಯಾಮೆರಾ ನಿಲ್ಲಿಸದೆ ಮಾಡುತ್ತಾರೆ. ಚಂದ್ರನಿಂದ ಇಳಿದ ಕಣ್ಣಿಗೆ ಸಿಕ್ಕಿದ್ದು ಬರೀ ಹೇರೋಹಳ್ಳಿ.

ವಿಡಿಯೊ ಜೊತೆ ಓಡಾಡಿದ ಒಕ್ಕಣೆಗಳಲ್ಲಿ ಹೆಚ್ಚಿನವು 'ಚಂದ್ರನಿಗೆ ಹೋಗೋ ದೇಶಕ್ಕೆ ಒಂದು ರಸ್ತೆ ಮಾಡೋಕಾಗಲ್ಲ' ಅನ್ನೋ ಧಾಟಿಯವು. ಅದು ಸೋಮಾರಿ ಓದು ಅಂತ ನನ್ನ ತಕರಾರು. ಸೆಪ್ಟೆಂಬರ್ 2ರಂದು ವಿಕ್ರಮ್ ಲ್ಯಾಂಡರ್ ಆರ್ಬಿಟರ್‌ನಿಂದ ಬೇರ್ಪಟ್ಟಿತ್ತು. 7ರ ಬೆಳಗಿನ ಜಾವ ಇಳಿಯಬೇಕಿತ್ತು, ಕೊನೇ ಗಳಿಗೆಯಲ್ಲಿ ಸಂಪರ್ಕ ಕಡಿದುಹೋಯಿತು. ಅಷ್ಟೂ ಹೊತ್ತು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಇಸ್ರೋದ ನಿಯಂತ್ರಣ ಕೇಂದ್ರ ಇರೋದು ಪೀಣ್ಯದಲ್ಲಿ. ಹೇರೋಹಳ್ಳಿಯಿಂದ ಕೆಲವೇ ಕಿಲೋಮೀಟರು. ರಾತ್ರಿಪಾಳಿ ಮುಗಿಸಿದ ಎಂಜಿನಿಯರು ಮನೆಗೆ ಹೋಗೋದೂ ಇದೇ ಊರಿನ ರಸ್ತೆಯಲ್ಲೇ ಅಲ್ವಾ? ವಿಡಿಯೊ ಚಂದ್ರನನ್ನೂ ರಸ್ತೆಯನ್ನೂ ಎದುರುಬದುರು ನಿಲ್ಲಿಸಿ ಜಗಳ ಹಚ್ಚುತ್ತಿಲ್ಲ. ಎರಡೂ ಒಂದೇ ಊರಲ್ಲಿವೆ ಅಂತ ತೋರಿಸುತ್ತಿದೆ. ಬೈಯೋಕೆ ಬರುವಷ್ಟು ಸುಲಭವಾಗಿ ಇದನ್ನು ನೋಡೋಕೆ ಬರೋದಿಲ್ಲ.

ಇನ್ನು 'ಫಲಿತಾಂಶ'ದ ವಿಷಯ. ವಿಡಿಯೊ ಹೊರಬಿದ್ದ ಮರುದಿನವೇ ಆ ರಸ್ತೆಯ ದುರಸ್ತಿ ಶುರುವಾಯಿತು. ಪತ್ರಿಕೆಗಳು ಕಲೆ ಗೆದ್ದಿತು ಅಂತ ಬರೆದವು. ಆ ಬಡಾವಣೆಯವರಿಗೆ ಖುಷಿಯಾಗಿರುತ್ತೆ, ಆಗಲೇಬೇಕು. ಆದರೆ ಆ ಗೆಲುವು ನನಗೆ ಪೂರ್ತಿ ಗಂಟಲಿಗೆ ಇಳಿಯೋದಿಲ್ಲ. ಒಂದು ರಸ್ತೆ ರಿಪೇರಿಯಾಗಿದ್ದು ಅದು ಕೆಟ್ಟಿತ್ತು ಅಂತಲ್ಲ, ಪ್ರಸಿದ್ಧವಾಯಿತು ಅಂತ. ನನ್ನ ಸಹೋದ್ಯೋಗಿ ಬಿದ್ದ ರಸ್ತೆಗೆ ಯಾವ ಗಗನಯಾತ್ರಿಯೂ ಬಂದಿರಲಿಲ್ಲ. ಇಂಥ ಕಲೆಯನ್ನು ಗುಂಡಿ ಮುಚ್ಚಿತಾ ಇಲ್ವಾ ಅನ್ನೋದರ ಮೇಲೇ ಅಳೆದರೆ ಅದು ಚೆಂದದ ಅಕ್ಷರದಲ್ಲಿ ಬರೆದ ದೂರಿನ ಅರ್ಜಿಯಾಗುತ್ತೆ. ಟಾರು ಬಿದ್ದ ಕೂಡಲೇ ಅರ್ಜಿ ವಿಲೇವಾರಿ, ಕಲೆಯೂ ವಿಲೇವಾರಿ. ಆದರೆ ಆ ರಸ್ತೆಗೆ ಟಾರು ಬಿದ್ದು ಎಷ್ಟೋ ಕಾಲವಾದ ಮೇಲೂ ವಿಡಿಯೊ ನನ್ನ ಕೈ ತಡೆಯಿತಲ್ಲ? ಹಾಗಾದರೆ ಅದರ ಕೆಲಸ ಆ ಒಂದು ಗುಂಡಿಯ ಜೊತೆ ಮುಗಿದಿರಲಿಲ್ಲ.

ಅಳಿಸದೆ ಉಳಿಸಿಕೊಂಡ ಆ ವಿಡಿಯೊವನ್ನು ಅದೇ ಸಹೋದ್ಯೋಗಿಗೆ ಕಳಿಸಿದೆ. ಈಗ ಅವಳು ಬೇರೆ ಕಂಪನಿಯಲ್ಲಿದ್ದಾಳೆ, ಚಳಿಗಾಲದಲ್ಲಿ ಭುಜ ಇನ್ನೂ ನೋಯುತ್ತಂತೆ. ಈ ಸಲ ಅಂಜಿಕೆಯಿಂದಲೇ ಕಳಿಸಿದ್ದು. ನಗುವ ಚಿಹ್ನೆಯನ್ನೂ ಹಾಕಲಿಲ್ಲ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ಆಗಲೇ ನೋಡಿದ್ದೆ. ಗಗನಯಾತ್ರಿ ಶೂಟಿಂಗ್ ಮುಗಿಸಿ ಮನೆಗೆ ಹೋದ. ಆ ಆಟೋದವರು ದಿನಾ ಅಲ್ಲೇ ಹೋಗ್ತಾರಲ್ಲ, ಪಾಪ."

ನಾನು ಅಷ್ಟು ಸಲ ನೋಡಿದ್ದರೂ ಆಟೋವನ್ನು ಜೋಕಿನ ಕೊನೆಯ ಸಾಲು ಅಂತಷ್ಟೇ ಎಣಿಸಿದ್ದೆ. ಅದರೊಳಗೆ ಒಬ್ಬರು ಕೂತಿದ್ದಾರೆ, ಸೊಂಟ ಹಿಡಿದುಕೊಂಡು ದಿನಾ ಈ ಚಂದ್ರನನ್ನು ದಾಟುತ್ತಾರೆ ಅನ್ನೋದು ಹೊಳೆದಿರಲಿಲ್ಲ. ಮತ್ತೆ ಹಾಕಿ ನೋಡಿದೆ. ಈ ಸಲ ಗಗನಯಾತ್ರಿಯನ್ನು ಬಿಟ್ಟು ಆಟೋ ಬರುವುದನ್ನೇ ಕಾಯುತ್ತಾ ಕೂತೆ.

ನಿಮ್ಮ ಫೋನಿನಲ್ಲಿ ಇನ್ನೂ ಅದು ಉಳಿದಿದ್ದರೆ ಒಮ್ಮೆ ಹಾಗೆ ನೋಡಿ. ಬೇರೆಯವರಿಗೆ ಆಮೇಲೆ ಕಳಿಸಿದರಾಯಿತು.