ಬಳ್ಳಾರಿ ಜಾಲಿಗೆ ಮಣಿಯದ ಅಲಗು

ನಾರಾಯಣಪುರದ ಕಡೆ ಕತ್ತಿಯ ಯೋಗ್ಯತೆ ತಿಳಿಯಲು ಒಣಗಿದ ಬಳ್ಳಾರಿ ಜಾಲಿಯ ಟೊಂಗೆಗೆ ನಾಲ್ಕು ಏಟು ಹಾಕಿದರೆ ಸಾಕು. ಬಾಯಿ ಮಡಚಿಕೊಂಡರೆ ಉಕ್ಕು ಮೆತ್ತಗಿದೆ; ಚಕ್ಕೆ ಎದ್ದರೆ ಹದ ತಪ್ಪಿ ಬಿರುಸಾಗಿದೆ. ಹೊಲಕ್ಕೆ, ಕುರಿಹಿಂಡಿನ ಹಿಂದೆ, ಬಸವಸಾಗರದ ಹಿನ್ನೀರಿಗೆ ಒಯ್ಯುವ ಕತ್ತಿ ಈ ಎರಡರ ನಡುವೆ ನಿಲ್ಲಬೇಕು.

ಸಂತೆಯಲ್ಲಿ ಕಣ್ಣು ಹೋಗುವುದು ಮಿರಮಿರ ಮಿಂಚುವ ಸ್ಟೇನ್‌ಲೆಸ್ ಚಾಕುವಿನ ಮೇಲೆ. ಅದರಲ್ಲಿ ಶೇ. 12–13ರಷ್ಟು ಕ್ರೋಮಿಯಂ ಇರುವುದರಿಂದ ಬೇಗ ಜಂಗು ಹಿಡಿಯದು. ದಿನವಿಡೀ ನೀರಲ್ಲಿ ಕೈಯಾಡಿಸುವ ಮೀನುಗಾರರಿಗೆ ಅದೇ ಸರಿ. ಆದರೆ ಉಕ್ಕನ್ನು ಗಡಸು ಮಾಡುವುದು ಇಂಗಾಲ, ಅಗ್ಗದ ಚಾಕುವಿನಲ್ಲಿ ಕಡಿಮೆ ಇರುವುದೂ ಅದೇ. ಕಟ್ಟಡದ ಸರಳು ಬಡಿದು ಮಾಡಿದ್ದಂತೂ ಬೇಡವೇ ಬೇಡ. ಅದರ ಇಂಗಾಲ ಶೇ. 0.3ರ ಆಚೆ ಹೋಗುವುದಿಲ್ಲ, ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲದು.

ಕಡಿಯುವ ಕೆಲಸಕ್ಕೆ ನಾನು ಒಪ್ಪುವುದು ಲಾರಿಯ ಕಮಾನು ಪಟ್ಟಿಯಿಂದ ಕಮ್ಮಾರ ಬಡಿದ ಅಲಗನ್ನು. ಹೊರೆಗೆ ಬಗ್ಗಿ ಮತ್ತೆ ನೆಟ್ಟಗಾಗಲೆಂದೇ ತಯಾರಾದ ಉಕ್ಕು ಅದು. ಇಂಗಾಲ ಶೇ. 0.5–0.6, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ. ಮುರಿದ ಪಟ್ಟಿಯಾದರೆ ಮಾತ್ರ ಎಚ್ಚರ ಬೇಕು, ಹಳೆಯ ಬಿರುಕು ಒಳಗೇ ಕೂತಿರಬಹುದು.

ಉಕ್ಕು ಎಷ್ಟೇ ಒಳ್ಳೆಯದಿರಲಿ, ಅಲಗು ಗೆಲ್ಲುವುದೂ ಸೋಲುವುದೂ ಕುಲುಮೆಯಲ್ಲಿ. ಅಯಸ್ಕಾಂತಕ್ಕೆ ಅಂಟದಷ್ಟು, ಇನ್ನೂ ತುಸು ಹೆಚ್ಚೇ ಕಾದ ಮೇಲೆ ಅದ್ದಬೇಕು. ಈ ಜಾತಿಯ ಉಕ್ಕನ್ನು ನೀರಿಗೆ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ತೆಳ್ಳನೆಯ ಅಂಚು ನೀರಿನಲ್ಲಿ ಬಿರಿಯುತ್ತದೆ, ಎಣ್ಣೆಯಲ್ಲಿ ಆ ಭಯ ಕಡಿಮೆ. ಪಳಗಿದ ಕೈ ಬರೀ ಅಂಚನ್ನಷ್ಟೇ ಅದ್ದಿ, ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಾವು ಕೆಳಗಿಳಿಯುವುದನ್ನೇ ನೋಡುತ್ತದೆ. ಅಂಚಿಗೆ ಮೊದಲು ತಿಳಿ ಹಳದಿ ಬರುತ್ತದೆ, ಆಮೇಲೆ ಕಂದು, ನೇರಳೆ, 300 ಡಿಗ್ರಿಯ ಸುಮಾರಿಗೆ ನೀಲಿ. ಕಡಿಯುವ ಕತ್ತಿಯನ್ನು ಕಂದಿನಲ್ಲೇ ತಡೆದು ಪೂರ್ತಿ ಅದ್ದಬೇಕು. ಅಂಚು ನೀಲಿಯಾಗುವ ತನಕ ಕಾದರೆ ಪುನಃ ಪುನಃ ಮಸೆಯುವ ಕೆಲಸ ತಪ್ಪದು. ನಾಲ್ಕೆಂಟು ಕ್ಷಣಗಳ ಈ ನೋಟಕ್ಕೇ ನಾವು ದುಡ್ಡು ಕೊಡುವುದು. ಅಲ್ಲಿ ಚೌಕಾಸಿ ಮಾಡುವುದು ಅನ್ಯಾಯ.

ಕೊಳ್ಳುವಾಗ ಅಂಚಿನ ಮೇಲೆ ಹಳೆಯ ಅರವನ್ನು ಹಗುರಾಗಿ ಎಳೆಯಿರಿ. ಬೆಣ್ಣೆಯಂತೆ ಕಚ್ಚಿದರೆ ಅಲ್ಲೇ ಬಿಟ್ಟುಬನ್ನಿ. ಈ ಉಕ್ಕಿಗೆ ಜಂಗಿನ ಕಾಟ ಇದ್ದೇ ಇದೆ, ಕೆಲಸವಾದ ಮೇಲೆ ಒರೆಸಿ ಎಣ್ಣೆ ಸವರಬೇಕು. ತೊಗಲಿನ ಒರೆ ತೇವ ಹಿಡಿಯುತ್ತದೆ. ಮಳೆಗಾಲದಲ್ಲಿ ಕತ್ತಿಯನ್ನು ಅದರಲ್ಲಿಟ್ಟು ಮರೆಯಬೇಡಿ.